ಎರಡನೇ ಇಳಿತದಲ್ಲಿ ಎಳೆದ ಹಗ್ಗ

ಕೊಳ್ಳದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೂಡ್ಲಿಗಿಯಿಂದ ಜೀಪಿನಲ್ಲಿ ಒಂದೂವರೆ ತಾಸು, ಅಲ್ಲಿಂದ ಜಾಲಿ ಮತ್ತು ಕಾರೆಮುಳ್ಳಿನ ನಡುವೆ ಎರಡು ತಾಸು ನಡಿಗೆ. ಇಷ್ಟು ಸಾಕು. ಹೆಸರು ಬರೆದರೆ ಮುಂದಿನ ಭಾನುವಾರವೇ ಯಾರೋ ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಡುತ್ತಾರೆ. ಹಾಗೆ ಹೊರಡುವವರಿಗೆ ಧೈರ್ಯ ತುಂಬಲು ನಮ್ಮ ಮಾಸ್ತರಂಥವರು ಒಬ್ಬರು ಇದ್ದೇ ಇರುತ್ತಾರೆ.

ನನ್ನ ಹೊಟ್ಟೆಪಾಡು ಹಗ್ಗದ್ದು. ಕೊಟ್ಟೂರು, ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳ ರೆಕ್ಕೆ ಬಿರುಕು ಬಿಟ್ಟಾಗ ಮೇಲಿನಿಂದ ಹಗ್ಗದಲ್ಲಿ ಇಳಿದು ಉಜ್ಜಿ, ಬಿರುಕು ತುಂಬಿ, ಬಣ್ಣ ಬಳಿದು ಬರುವುದು ನನ್ನ ಕೆಲಸ. ಜೊತೆಗಾರ ಹರಪನಹಳ್ಳಿಯವನು. ಅವನ ಮನೆಯವರೆಲ್ಲ ಮೆಕ್ಯಾನಿಕ್ಕುಗಳು, ಇವನೊಬ್ಬ ಸ್ಪ್ಯಾನರ್ ಹಿಡಿದುಕೊಂಡೇ ಆಕಾಶಕ್ಕೆ ಹತ್ತಿದ. ನನಗೆ ಅವನು ಭಾಯಿ, ಅವನಿಗೆ ನಾನು ಅಕ್ಕ. ನಮ್ಮಿಬ್ಬರಿಗೂ ಹಗ್ಗ ಹಿಡಿಯುವುದನ್ನು ಕಲಿಸಿದವರು ಮಾಸ್ತರು. ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರಾಗಿದ್ದ ಅವರು ರಜೆ ಬಂದರೆ ಹುಡುಗ ಹುಡುಗಿಯರನ್ನು ಬಂಡೆಗಳ ಕಡೆ ಕರೆದುಕೊಂಡು ಹೋಗುತ್ತಿದ್ದರು.

ಪ್ರತಿ ಶಿಬಿರದಲ್ಲೂ ಅವರು ಈ ಕೊಳ್ಳದ ಕಥೆ ಹೇಳುತ್ತಿದ್ದರು. ಹರೆಯದಲ್ಲಿ ಗೆಳೆಯನೊಬ್ಬನ ಜೊತೆ ಅದನ್ನು ಇಳಿದಿದ್ದರಂತೆ. ಮೂರು ಇಳಿತ, ಎಲ್ಲಕ್ಕಿಂತ ದೊಡ್ಡದು ಇಪ್ಪತ್ತೈದು ಮೀಟರು. ಮೊದಲನೆಯದರ ನಡುವೆ ಒಂದು ಅತ್ತಿ ಗಿಡ, ಅದರ ಬುಡದಲ್ಲಿ ಇಬ್ಬರು ಕೂರುವಷ್ಟು ಜಾಗ. ಸುತ್ತ ಸುಡುವ ಕಲ್ಲು, ಒಳಗೆ ವರ್ಷವಿಡೀ ಸೆಲೆ ಬತ್ತದ ದೊಣೆಗಳು. ಮೊದಲ ಸಲ ಕೇಳಿದಾಗ ನನಗೆ ಹದಿನೇಳು ವರ್ಷ. ಮನೆಗೆ ಬಂದು ಅವ್ವನಿಗೆ, ನಾನು ಹಗ್ಗದ ಕೆಲಸ ಕಲಿಯುತ್ತೇನೆ ಅಂದಿದ್ದೆ. ಅವ್ವ ಬಾವಿ ಹಗ್ಗ ಅಂದುಕೊಂಡಿದ್ದಳು.

ಈ ಸಲ ಮಾಘ ಮುಗಿಯುತ್ತಿದ್ದಂತೆ ಮಾಸ್ತರು ಫೋನು ಮಾಡಿದರು.

"ಆ ಕೊಳ್ಳ ಐತೆಲ್ಲ, ಅದರಾಗ ವರ್ಷಾ ಮಂದೀನ ಇಳಸಬೇಕಂತ ಮಾಡೀನವ್ವ. ಪರವಾನಗಿ ಆಗೈತಿ. ಮದಲನೇ ಸಲ ಇಬ್ಬರನ್ನ ಕರಕೊಂಡು ಹೊಂಟೀನಿ. ನೀನೂ ಭಾಯೀನೂ ಬರ್ರಿ."

ಬರುವುದಿಲ್ಲ ಅನ್ನುವ ಮಾತೇ ಇರಲಿಲ್ಲ. ಹದಿನೇಳನೇ ವಯಸ್ಸಿನಿಂದ ಕಾದಿದ್ದ ಕೊಳ್ಳ ಅದು.

ಅತಿಥಿಗಳು ಇಬ್ಬರು. ಒಬ್ಬರು ಹಗರಿಬೊಮ್ಮನಹಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಸಾವಕಾರ್ರು, ಐವತ್ತರ ಹತ್ತಿರದವರು, ಮೈ ದಪ್ಪ, ಮಾತು ಇನ್ನೂ ದಪ್ಪ. ಇನ್ನೊಬ್ಬರು ಹಡಗಲಿಯ ಹಲ್ಲಿನ ಡಾಕ್ಟರಮ್ಮ, ಮಾತು ಕಡಿಮೆ. ಇಬ್ಬರಿಗೂ ಹಿಂದಿನ ಭಾನುವಾರ ಒಂದು ಬಂಡೆಯ ಮೇಲೆ ಇಳಿಯುವ ಅಭ್ಯಾಸ ಮಾಡಿಸಿದ್ದೆವು.

ಜೀಪು ನಿಂತ ಕಡೆ ನನ್ನ ಅರವತ್ತು ಮೀಟರಿನ ಹಗ್ಗವನ್ನು ಚೀಲಕ್ಕೆ ತುಂಬುತ್ತಿದ್ದೆ. ಮಾಸ್ತರು ನೋಡಿದರು.

"ಅದ್ಯಾಕವ್ವ? ನಂದೊಂದು ಐತೆಲ್ಲ. ಅದೂ ಅರವತ್ತ ಐತಿ. ಮಡಚಿ ಹಾಕಿದ್ರ ಮೂವತ್ತು ಇಳೀತೈತಿ. ದೊಡ್ಡ ಇಳಿತ ಇಪ್ಪತ್ತೈದು."

"ಇರ್ಲಿ ಸರ್, ಎರಡು ಇದ್ದರ ಒಳ್ಳೇದು."

"ಸುಮ್ನ ಭಾರ. ನಾ ಇಳಿದ ಜಾಗ ಅದು."

ನಾನು ಹಗ್ಗವನ್ನು ಜೀಪಿನಲ್ಲೇ ಬಿಟ್ಟೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಕೈಯೆತ್ತುವಷ್ಟು ಸಿಟ್ಟು ಬರುತ್ತದೆ. ಕಂಪನಿಯ ಕೆಲಸದಲ್ಲಿ ಯಾವ ಸಾಹೇಬ ಹೇಳಿದ್ದರೂ ಬಿಡುತ್ತಿರಲಿಲ್ಲ. ಮಾಸ್ತರು ಹೇಳಿದರು ಅಂತ ಬಿಟ್ಟೆ. ಅವರಿಗೆ ಕಾಣದಂತೆ ಒಂದಿಷ್ಟು ಸಾಮಾನು ಮಾತ್ರ ಚೀಲದ ತಳದಲ್ಲಿ ಉಳಿಸಿಕೊಂಡೆ: ಕಲ್ಲಿಗೆ ತೂತು ಹೊಡೆಯುವ ಕೈ ಉಳಿ, ಸುತ್ತಿಗೆ, ಮೂರು ಬೋಲ್ಟು, ಬೋಲ್ಟಿಗೆ ಸಿಕ್ಕಿಸಿ ಹಗ್ಗ ಪೋಣಿಸುವ ಎರಡು ಉಕ್ಕಿನ ಬಳೆ, ಇಪ್ಪತ್ತು ಮೀಟರಿನ ಸಣ್ಣ ಹಗ್ಗ, ಮತ್ತೆ ಹಗ್ಗ ಹಿಡಿದು ಮೇಲೆ ಹತ್ತುವ ಜುಮಾರ್ ಹಿಡಿಕೆಗಳ ಒಂದು ಜೋಡಿ.

ಒಂಬತ್ತಕ್ಕೆ ಕೊಳ್ಳದ ಬಾಯಿಗೆ ಬಂದೆವು. ಮೇಲೆ ನೋಡಿದರೆ ಅಲ್ಲಿ ಏನೋ ಇದೆ ಅಂತ ಯಾರೂ ಹೇಳುವುದಿಲ್ಲ. ಬೋಳು ಗುಡ್ಡ, ಒಣಗಿದ ಬಾದೆ ಹುಲ್ಲು, ಕರಡಿ ಅಗೆದು ಕೆಡವಿದ ಹುತ್ತ. ಒಣ ಹಳ್ಳ ಹಿಡಿದು ಸ್ವಲ್ಪ ದೂರ ಹೋಗುತ್ತಲೇ ಎರಡೂ ಕಡೆಯ ಬಂಡೆ ಹತ್ತಿರ ಬಂದು, ನೆಲ ಥಟ್ಟನೆ ಮುಗಿದುಬಿಡುತ್ತದೆ.

ಮೊದಲ ಇಳಿತ ಹದಿನಾಲ್ಕು ಮೀಟರು. ಸಂದಿಯಲ್ಲಿ ಸಿಕ್ಕಿಕೊಂಡ ಎತ್ತಿನ ಗಾತ್ರದ ಗುಂಡುಕಲ್ಲಿಗೆ ನೈಲಾನ್ ಪಟ್ಟಿ ಸುತ್ತಿ, ಹಗ್ಗ ಮಡಚಿ ಹಾಕಿ ಇಳಿದೆವು. ಕೊನೆಯವರು ಕೆಳಗೆ ಬಂದಮೇಲೆ ಒಂದು ತುದಿ ಎಳೆದರೆ ಪಟ್ಟಿ ಮೇಲೆಯೇ ಉಳಿದು ಹಗ್ಗ ಪೂರ್ತಿ ಕೈಗೆ ಬರುತ್ತದೆ. ಬಂತು ಅಂದರೆ ಹಿಂದಿರುಗುವ ದಾರಿಯೂ ಮುಚ್ಚಿತು ಅಂತಲೇ. ಕೊಳ್ಳ ಇಳಿಯುವುದರಲ್ಲಿ ಇರುವ ಅಪಾಯವೆಲ್ಲ ಈ ಒಂದು ಎಳೆತದಲ್ಲಿದೆ. ಹಾಗಾಗಿ ಮೊದಲ ಪಾಠವೂ ಅದೇ: ಮುಂದಿನ ಇಳಿತವನ್ನು ಕಣ್ಣಾರೆ ನೋಡಿ, ಹಗ್ಗ ಮುಟ್ಟುತ್ತದೆ ಅಂತ ಗೊತ್ತಾದ ಮೇಲೆಯೇ ಹಿಂದಿನದನ್ನು ಎಳೆಯಬೇಕು. ಇದನ್ನು ನನಗೆ ಹೇಳಿಕೊಟ್ಟವರು ಮಾಸ್ತರು. ಮರೆತವರನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದರು.

ಇಳಿಯುವಾಗ ಅತ್ತಿ ಗಿಡ ಹುಡುಕಿದೆ. ಗಿಡ ಇರಲಿಲ್ಲ, ಒಣಗಿದ ಬೊಡ್ಡೆಯಾಗಲಿ, ಬೇರು ಹಿಡಿದ ಗುರುತಾಗಲಿ ಇರಲಿಲ್ಲ. ಇಬ್ಬರು ಕೂರುವ ಜಾಗವೂ ಇಲ್ಲ, ಗೋಡೆ ನೆತ್ತಿಯಿಂದ ಬುಡದವರೆಗೆ ನುಣುಪು.

"ಸರ್, ಗಿಡ ಎಲ್ಲೈತ್ರಿ?" ಅಂದೆ.

"ಎಷ್ಟು ವರ್ಷ ಆತು ಮಾರಾಯ್ತಿ. ಮಳಿಗೆ ಕಿತ್ತು ಹೋಗಿರ್ತೈತಿ," ಅಂದು ಅವರು ಮುಂದೆ ನಡೆದರು.

ನಂಬಿದೆ. ಅಷ್ಟು ವರ್ಷ ನಂಬಿದ್ದನ್ನು ಒಂದು ಗಿಡಕ್ಕಾಗಿ ಬಿಡಲಾಗುತ್ತದೆಯೇ?

ಆಮೇಲಿನ ಒಂದು ತಾಸು ನನ್ನ ಬದುಕಿನ ಒಳ್ಳೆಯ ತಾಸುಗಳಲ್ಲಿ ಒಂದು, ಅದನ್ನು ಸಿಟ್ಟಿನಲ್ಲಿಯೂ ಅಲ್ಲಗಳೆಯಲಾರೆ. ಕೊಳ್ಳ ಬಾಗಿ ಬಾಗಿ ಒಳಗೆ ಹೋಗುತ್ತಿತ್ತು. ಮೇಲೆ ಆಕಾಶ ಒಂದು ಪಂಜೆಯ ಅಗಲ. ಕಲ್ಲಿನ ಬಿರುಕಿನಿಂದ ನೀರು ಜಿನುಗಿ, ಪಾಚಿ ಹಿಡಿದು, ಕೆಳಗಿನ ದೊಣೆಗೆ ಹನಿಯುತ್ತಿತ್ತು. ಹೊರಗೆ ನಾಲಿಗೆ ಒಣಗುವ ಬಿಸಿಲು, ಇಲ್ಲಿ ಎದೆಮಟ್ಟದ ನೀರು ಎಲುಬಿಗೆ ನಾಟುವಷ್ಟು ತಣ್ಣಗೆ. ಎರಡು ದೊಣೆಗಳನ್ನು ಚೀಲ ತಲೆಯ ಮೇಲಿಟ್ಟು ದಾಟಿದೆವು, ಒಂದನ್ನು ಈಜಿದೆವು. ಸಾವಕಾರ್ರು ನೀರಿನಲ್ಲಿ "ಅಯ್ಯಯ್ಯಪ್ಪೋ" ಅಂತ ಕೂಗಿದ್ದು ಐದಾರು ಸಲ ಮರುದನಿಸಿತು. ಡಾಕ್ಟರಮ್ಮ ಅದೇ ಮೊದಲ ಸಲ ನಕ್ಕರು.

ಎರಡನೇ ಇಳಿತ ಇಪ್ಪತ್ತೆರಡು ಮೀಟರು, ನೇರ ಒಂದು ದೊಣೆಗೆ. ಮೊದಲು ಭಾಯಿ ಇಳಿದ, ಆಮೇಲೆ ಅತಿಥಿಗಳು, ಆಮೇಲೆ ನಾನು. ಕೊನೆಗೆ ಮಾಸ್ತರು ಬರಬೇಕು. ಸಾವಕಾರ್ರು ಹಲ್ಲು ಕಟಕಟಿಸುತ್ತಿದ್ದರು. ಭಾಯಿ ಅವರನ್ನು ನೀರಿನಿಂದ ಮೇಲೆತ್ತಿ ಕಲ್ಲಿನ ಮೇಲೆ ಕೂರಿಸುತ್ತಿದ್ದ. ನಾನು ಮೇಲೆ ನೋಡಿ ಕೂಗಿದೆ:

"ಸರ್, ನಾ ಮುಂದಿಂದು ನೋಡಿ ಬರ್ತೀನಿ. ಅಲ್ಲೀತನಕ ಹಗ್ಗ ಎಳೀಬ್ಯಾಡ್ರಿ."

"ಹೂಂ, ಹೋಗು."

ಒಂದು ಬಾಗು ದಾಟಿ ನಲವತ್ತು ಹೆಜ್ಜೆ ಹೋಗಿರಬಹುದು. ಮುಂದೆ ಕಲ್ಲು ಮುಗಿದು ಗಾಳಿ ಕಾಣಿಸಿತು. ಅಂಚಿಗೆ ಮಲಗಿ ತಲೆ ಹೊರಗೆ ಹಾಕಿದೆ. ತಳ ಕಾಣಲಿಲ್ಲ. ಗೋಡೆ ಒಳಕ್ಕೆ ಬಾಗಿ ಕತ್ತಲೆಯಲ್ಲಿ ಕರಗಿತ್ತು. ಒಂದು ಕಲ್ಲು ಬಿಟ್ಟೆ. ನೀರಿನ ಸದ್ದು ಬರಲು ಬಹಳ ಹೊತ್ತು ಹಿಡಿಯಿತು. ಇದು ಇಪ್ಪತ್ತೈದು ಅಲ್ಲ, ಮೂವತ್ತೂ ಅಲ್ಲ.

ಆಗಲೇ ಹಿಂದಿನಿಂದ ಆ ಸದ್ದು ಬಂತು. ಹಗ್ಗ ಕಲ್ಲಿನ ಮೇಲೆ ಸರಸರ ಜಾರುವ ಸದ್ದು, ಆಮೇಲೆ ನೀರಿಗೆ ಬಿದ್ದ ಛಟೀರ್ ಅನ್ನುವ ಹೊಡೆತ.

ಓಡಿ ಬಂದೆ. ಮಾಸ್ತರು ಸೊಂಟಮಟ್ಟ ನೀರಿನಲ್ಲಿ ನಿಂತು ಹಗ್ಗ ಸುತ್ತುತ್ತಿದ್ದರು.

"ಯಾಕ ಎಳೆದ್ರಿ?"

"ಹೊತ್ತಾಗತೈತೆಲ್ಲವ್ವ. ಸಾವಕಾರ್ರು ನಡುಗಾಕ ಹತ್ಯಾರ."

"ಎಳೀಬ್ಯಾಡ್ರಿ ಅಂದಿದ್ನೆಲ್ಲ! ಹೂಂ ಅಂದ್ರೆಲ್ಲ ನೀವು!"

ನನ್ನ ದನಿ ಕೊಳ್ಳದಲ್ಲಿ ಮೂರು ಸಲ ತಿರುಗಿ ಬಂದು ನನ್ನನ್ನೇ ಬೈಯಿತು. ಮಾಸ್ತರಿಗೆ ನಾನು ಹಾಗೆ ಕೂಗಿದ್ದು ಅದೇ ಮೊದಲು. ಅವರು ಹಗ್ಗ ಸುತ್ತುವುದನ್ನು ನಿಲ್ಲಿಸಲಿಲ್ಲ.

ಎಲ್ಲರೂ ಅಂಚಿಗೆ ಬಂದೆವು. ಭಾಯಿ ಮತ್ತು ನಾನು ಹಗ್ಗದ ತುದಿಗೆ ನೀರಿನ ಬಾಟಲಿ ಕಟ್ಟಿ ಇಳಿಬಿಟ್ಟೆವು. ಬಾಟಲಿ ನೀರು ಮುಟ್ಟಿ ಹಗ್ಗ ಹಗುರಾದಾಗ ಅಂಚಿನ ಹತ್ತಿರ ಹಿಡಿದು, ಮೇಲೆಳೆಯುತ್ತ ಮಾರು ಎಣಿಸಿದೆ. ಇಪ್ಪತ್ಮೂರು ಮಾರು. ನನ್ನ ಒಂದು ಮಾರು ಒಂದೂವರೆ ಮೀಟರಿಗಿಂತ ಚೂರು ಹೆಚ್ಚು. ಮೂವತ್ತಾರು ಮೀಟರು. ನಮ್ಮ ಹಗ್ಗ ಮಡಚಿ ಹಾಕಿದರೆ ಮೂವತ್ತು. ಹಿಂದೆ ಇಪ್ಪತ್ತೆರಡು ಮೀಟರಿನ ಒದ್ದೆ ಗೋಡೆ. ಮೊಬೈಲಿಗೆ ಸಿಗ್ನಲ್ ಇಲ್ಲ.

ಮಾಸ್ತರು ನನ್ನ ಕೈಯಿಂದ ಹಗ್ಗ ತೆಗೆದುಕೊಂಡು, ಅಂಚಿನ ಒಂದು ಗುಂಡುಕಲ್ಲು ತೋರಿಸಿದರು.

"ಅಂಜಬ್ಯಾಡ್ರಿ. ಆ ಗುಂಡುಕಲ್ಲಿಗೆ ಹಗ್ಗ ಹಾಕಿ ಮೂವತ್ತು ಇಳಿಯೋದು. ಉಳಿದದ್ದು ಆರು ಮೀಟರು. ಕೆಳಗ ಆಳ ನೀರು ಐತಿ, ಜಿಗಿದ್ರ ಆತು. ನಾವೂ ಹಂಗ ಮಾಡಿದ್ವಿ."

ಅವರು ತೋರಿಸಿದ ಗುಂಡನ್ನು ಕಾಲಿನಿಂದ ಒತ್ತಿದೆ. ಅದು ತೊಟ್ಟಿಲಿನಂತೆ ಅಲುಗಿತು.

ಸಿಟ್ಟು ಅಂದರೆ ಮೈ ಬಿಸಿಯಾಗುತ್ತದೆ ಅನ್ನುತ್ತಾರೆ. ನನಗೆ ಆಗ ಕೈಬೆರಳು ತಣ್ಣಗಾದವು.

"ಸರ್, ಗಿಡ ಇರ್ಲಿಲ್ಲ. ಎರಡನೇದರ ಮ್ಯಾಲೆ ಒಂದು ಹಳೇ ಪಟ್ಟಿ, ಒಂದು ಉಜ್ಜಿದ ಗೆರಿ ಇಲ್ಲ. ಇಪ್ಪತ್ತೈದು ಅಂದದ್ದು ಮೂವತ್ತಾರು ಐತಿ. ಕರಿಕಲ್ಲು ಇಷ್ಟು ವರ್ಷದಾಗ ಹತ್ತು ಮೀಟರು ಕೆಳಗ ಇಳೀತೈತೇನ್ರಿ?"

"ನೆನಪು ಹೆಚ್ಚುಕಡಿಮಿ ಆಗಿರ್ತೈತಿ..."

"ನೀವು ಈ ಕೊಳ್ಳ ಇಳಿದೀರೋ ಇಲ್ಲೋ? ಅದೊಂದು ಹೇಳ್ರಿ."

ಡಾಕ್ಟರಮ್ಮ ಸಾವಕಾರ್ರ ಅಂಗೈ ಉಜ್ಜುತ್ತಿದ್ದವರು ನಿಲ್ಲಿಸಿದರು. ಭಾಯಿ ಬೇರೆ ಕಡೆ ನೋಡಿದ. 

"ಮ್ಯಾಲಿಂದ ನೋಡೀನವ್ವ," ಅಂದರು ಮಾಸ್ತರು. "ಮದಲನೇ ಇಳಿತದ ತುದೀತನಕ ಬಂದಿದ್ವಿ. ಹಗ್ಗ ಸಣ್ಣದಿತ್ತು. ಅಂಜಿಕಿ ಬಂತು. ಹೊಳ್ಳಿ ಹೋದ್ವಿ."

"ಮತ್ತ ಇಷ್ಟು ವರ್ಷ ಹೇಳಿದ್ದು?"

"ಅಂಜಿ ಹೊಳ್ಳಿ ಬಂದ್ವಿ ಅಂತ ಹೇಳಿದ್ದರ ನೀವು ಯಾರು ನನ್ನ ಹಿಂದ ಬರ್ತಿದ್ರಿ?"

ನಾನು ಬರುತ್ತಿದ್ದೆ.  ಹಗ್ಗ ಸಣ್ಣದು ಅಂತ ಗೊತ್ತಾದಾಗ ಹಿಂದಿರುಗಿದ ಮಾಸ್ತರ ಹಿಂದೆ ಎಷ್ಟು ದೂರವಾದರೂ ಹೋಗುತ್ತಿದ್ದೆ. ಅವರು ಬದುಕಿನಲ್ಲಿ ಮಾಡಿದ ಒಂದು ಸರಿಯಾದ ಕೆಲಸವನ್ನು ನಾಚಿಕೆಯಿಂದ ಮುಚ್ಚಿಟ್ಟು, ಅದರ ಮೇಲೆ ಗಿಡ ನೆಟ್ಟಿದ್ದರು.

"ಇನ್ನ ಮ್ಯಾಲೆ ಇಲ್ಲಿ ನೀವು ಹೇಳಂಗಿಲ್ಲ ಸರ್," ಅಂದೆ. "ಹಗ್ಗ ಇಲ್ಲಿ ಕೊಡ್ರಿ."

ಅವರು ಹಗ್ಗ ಕೊಟ್ಟರು. 

ಕಾಯುವುದು ಒಂದು ದಾರಿಯಾಗಿತ್ತು. ಕತ್ತಲಾದರೂ ಬರದಿದ್ದರೆ ಸುದ್ದಿ ಮುಟ್ಟಿಸು ಅಂತ ಜೀಪಿನವನಿಗೆ ಹೇಳಿದ್ದೆವು. ಅಂದರೆ ನಮ್ಮ ತನಕ ಯಾರಾದರೂ ಬರುವುದು ಮರುದಿನ ಮಧ್ಯಾಹ್ನ. ಸಾವಕಾರ್ರ ತುಟಿ ಆಗಲೇ ನೀಲಿಗಟ್ಟಿತ್ತು. ಒಣಬಟ್ಟೆ ಇದ್ದದ್ದು ಒಂದೇ ಜೊತೆ, ಡಾಕ್ಟರಮ್ಮನದು. ಅವರು ತಮ್ಮ ಒಣ ಸ್ವೆಟರನ್ನು ಸಾವಕಾರ್ರ ಎದೆಗೆ ಸುತ್ತಿ, "ಇವರು ರಾತ್ರಿ ತಡೀಯಂಗಿಲ್ಲ, ತಿಳಿತೇನು?" ಅಂತ ನನಗೊಬ್ಬಳಿಗೇ ಕೇಳುವಂತೆ ಹೇಳಿದರು. ಕಾಯುವ ಮಾತು ಅಲ್ಲಿಗೆ ಮುಗಿಯಿತು.

ಬೋಲ್ಟು ಹಾಕುವುದೇ ಉಳಿದ ದಾರಿ. ಹಗ್ಗವನ್ನು ಮಡಚದೆ ಒಂಟಿಯಾಗಿ ಇಳಿಬಿಟ್ಟರೆ ತಳ ಮುಟ್ಟುತ್ತದೆ. ಬಳೆಯ ಹತ್ತಿರ ದಪ್ಪ ಗಂಟು ಹಾಕಿದರೆ ಅದು ಬಳೆಗೆ ಸಿಕ್ಕಿಕೊಂಡು ಭಾರ ಹೊರುತ್ತದೆ. ಉಳಿದ ತುದಿಗೆ ಸಣ್ಣ ಹಗ್ಗ ಸೇರಿಸಿ ಇನ್ನೊಂದು ಕಡೆ ಬಿಟ್ಟರೆ, ಎಲ್ಲರೂ ಇಳಿದಮೇಲೆ ಅದನ್ನು ಎಳೆದು ಹಗ್ಗ ವಾಪಸ್ಸು ಪಡೆಯಬಹುದು. ಎರಡೂ ಹಗ್ಗ ಸೇರಿದ ಎಂಬತ್ತು ಮೀಟರಿನಲ್ಲಿ ಎರಡೂ ಕಡೆಯ ಇಳಿತಕ್ಕೆ, ಗಂಟುಗಳಿಗೆ ಹೋಗಿ ಸ್ವಲ್ಪವೇ ಮಿಗುತ್ತಿತ್ತು.

ಅಂಚಿಗಿಂತ ಎರಡು ಮೀಟರು ಹಿಂದೆ ಗಟ್ಟಿ ಕಲ್ಲು ಸಿಕ್ಕಿತು. ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನುಡಿಯಿತು. ಉಳಿ ಇಟ್ಟು ಹೊಡೆಯತೊಡಗಿದೆ. ಒಂದು ಹೊಡೆತ, ಉಳಿಯನ್ನು ಕಾಲು ಸುತ್ತು ತಿರುಗಿಸುವುದು, ಮತ್ತೊಂದು ಹೊಡೆತ. ಆಗಾಗ ಸಣ್ಣ ಕೊಳವೆಯಿಂದ ಊದಿ ಪುಡಿ ಹೊರಹಾಕುವುದು. ಅಲ್ಲಿ ಬೇಕಾದದ್ದು ತಾಳ್ಮೆ. ನನ್ನಲ್ಲಿ ಇದ್ದದ್ದು ಅದಲ್ಲ. ಒಂದೊಂದು ಹೊಡೆತಕ್ಕೂ ಒಂದೊಂದು ಶಿಬಿರ ನೆನಪಾಗುತ್ತಿತ್ತು. ಬೆಂಕಿಯ ಸುತ್ತ ಕುಳಿತು ಬಾಯಿ ತೆರೆದು ಕೇಳಿದ ನಾವು, ಅತ್ತಿ ಹಣ್ಣು ತಿಂದೆವು ಅಂತ ರುಚಿ ಹೇಳಿದ ಅವರು. ಹೊಡೆದೆ, ಹೊಡೆದೆ.

ಅರ್ಧ ತಾಸಿನ ಮೇಲೆ ಬೋಲ್ಟು ಇಟ್ಟು ತಿರುಪು ಬಿಗಿದರೆ ಅದು ಸುಮ್ಮನೆ ತಿರುಗುತ್ತಲೇ ಹೋಯಿತು. ಉಳಿ ಅಲುಗಾಡಿ ತೂತಿನ ಬಾಯಿ ಅಗಲವಾಗಿತ್ತು. ಮೂರರಲ್ಲಿ ಒಂದು ಬೋಲ್ಟು ಹಾಳು.

ಭಾಯಿ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡ.

"ಅಕ್ಕಾ, ನೀನು ಕಲ್ಲು ಹೊಡೀತಿಲ್ಲ. ಬೇರೆ ಯಾರನ್ನೋ ಹೊಡೀತಿದೀಯ. ಆ ಕಡೆ ಕೂತ್ಕೋ."

"ನಿನಗ ಸಿಟ್ಟು ಬಂದಿಲ್ಲೇನು?"

"ಬಂದೈತೆ. ಹೊರಗೆ ಹೋದ ಮೇಲೆ ತೆಗೀತೀನಿ. ಇಲ್ಲಿ ಎರಡೇ ಬೋಲ್ಟ್ ಉಳಿದಾವೆ."

ಅವನು ಒಂದು ಗೇಣು ಪಕ್ಕದಲ್ಲಿ ಹೊಸದಾಗಿ ಶುರು ಮಾಡಿದ. ಇವನಿಗೆ ಈ ಸಮಾಧಾನ ಎಲ್ಲಿಂದ ಬಂತು ಅಂತ ನೋಡುತ್ತ ಕುಳಿತೆ. ಹಳೆಯ ಇಂಜಿನ್ನಿನ ತುಕ್ಕು ಹಿಡಿದ ಬೋಲ್ಟನ್ನು ಮುರಿಯದೆ ತೆಗೆಯಲು ಚಿಕ್ಕವನಿದ್ದಾಗಿನಿಂದ ಕಲಿತ ಕೈ ಅದು. ಅವನು ದಣಿದಾಗ ನಾನು ತೆಗೆದುಕೊಂಡೆ, ಈ ಸಲ ಮಾಸ್ತರ ಕಡೆಗೆ ಬೆನ್ನು ಮಾಡಿ ಕುಳಿತು. ಎರಡು ಗಂಟೆಯ ಸುಮಾರಿಗೆ ಎರಡೂ ಬೋಲ್ಟು ಕಲ್ಲನ್ನು ಕಚ್ಚಿದವು. ಇಬ್ಬರೂ ಜೋತುಬಿದ್ದು ಎಳೆದು ನೋಡಿದೆವು, ಕದಲಲಿಲ್ಲ. ನನ್ನ ಅಂಗೈಯಲ್ಲಿ ಬೊಬ್ಬೆ ಒಡೆದು ಸುತ್ತಿಗೆಯ ಹಿಡಿ ಕೆಂಪಾಗಿತ್ತು.

ಅಷ್ಟು ಹೊತ್ತೂ ಮಾಸ್ತರು ಗೋಡೆಗೆ ಒರಗಿ, ಮೊಣಕಾಲು ಅಪ್ಪಿಕೊಂಡು ಕುಳಿತಿದ್ದರು. ಒಂದು ಸಲ ಎದ್ದು ಬಂದು, ಹಗ್ಗ ಉಜ್ಜುವ ಅಂಚಿನಲ್ಲಿ ತಮ್ಮ ಖಾಲಿ ಚೀಲವನ್ನು ಹಾಸಿ, ಅದು ಸರಿಯದಂತೆ ಪಟ್ಟಿ ಕಟ್ಟಿ, ಮಾತಿಲ್ಲದೆ ಹಿಂದೆ ಹೋಗಿ ಕುಳಿತರು. ಕಟ್ಟಿದ್ದು ಸರಿಯಾಗಿತ್ತು. ಅದೂ ನನಗೆ ಸಿಟ್ಟು ತರಿಸಿತು.

ನಾನು ಮೊದಲು ಇಳಿದೆ. ಹತ್ತು ಮೀಟರಿನ ಮೇಲೆ ಗೋಡೆ ಕಾಲಿಗೆ ಸಿಗದೆ ಗಾಳಿಯಲ್ಲಿ ತಿರುಗುತ್ತ ಕೆಳಗೆ ಹೋದೆ. ಬಿಸಿಲಿಲ್ಲದ, ತಂಪಾದ, ಬಾವಲಿಗಳ ವಾಸನೆಯ ಗವಿಯಂಥ ಜಾಗ. ಎದೆಮಟ್ಟದ ನೀರಿಗೆ ಕಾಲು ತಾಗಿತು. ಹಗ್ಗ ಬಿಚ್ಚಿ ಎರಡು ಹೆಜ್ಜೆ ಇಟ್ಟೆ, ಮೊಣಕಾಲು ಕಲ್ಲಿಗೆ ಬಡಿಯಿತು. ಕೈಯಾಡಿಸಿ ನೋಡಿದೆ. ನೀರಿನ ಕೆಳಗೆ ಒಂದು ಗೇಣಿನಷ್ಟರಲ್ಲಿ ಮೂರು ಬಂಡೆ, ಒಂದಕ್ಕೊಂದು ಅಂಟಿಕೊಂಡಂತೆ. ಮೇಲಿನಿಂದ ಅವು ಕಾಣುವುದಿಲ್ಲ, ನೀರು ಕಪ್ಪಗಿದೆ. ಹಗ್ಗದ ತುದಿಯಲ್ಲಿ ತೂಗುತ್ತ ಕೈಬಿಟ್ಟು ಜಿಗಿದವರು ಬೀಳುವುದು ಸರಿಯಾಗಿ ಅವುಗಳ ಮೇಲೆ. ನಾವೂ ಹಂಗ ಮಾಡಿದ್ವಿ, ಅಂದಿದ್ದರಲ್ಲ ಮಾಸ್ತರು. ಸಾವಕಾರ್ರು ಅವರ ಮಾತು ಕೇಳಿ ಜಿಗಿಯುತ್ತಿದ್ದರು. ಜಿಗಿದೇ ಜಿಗಿಯುತ್ತಿದ್ದರು.

ಆ ನೀರಿನಲ್ಲಿ ನಿಂತು ನಾನು ಒಂದು ಸಲ ಜೋರಾಗಿ ಕಿರುಚಿದೆ. ಮೇಲಿಂದ ಭಾಯಿ, "ಅಕ್ಕಾ, ಏನಾತು?" ಅಂತ ಕೂಗಿದ.

"ಏನಿಲ್ಲ. ತಡಿ, ಮುಂದ ನೋಡಿ ಬರ್ತೀನಿ."

ಮೇಲಿನವರನ್ನು ಕರೆಯುವ ಮೊದಲು ಮುಂದಿನದನ್ನು ನೋಡಲೇಬೇಕಿತ್ತು. ಮುಂದೆ ಇನ್ನೊಂದು ಮೂವತ್ತಾರು ಇದ್ದರೆ ಜುಮಾರ್ ಹಾಕಿಕೊಂಡು ಹಗ್ಗ ಹತ್ತಿ ವಾಪಸ್ಸು ಹೋಗುವುದು, ಬೇರೆ ಯೋಚನೆ ಮಾಡುವುದು. ದೊಣೆ ದಾಟಿ, ಒಂದು ಇಕ್ಕಟ್ಟು ಸಂದಿಯಲ್ಲಿ ತೂರಿ ಹೊರಗೆ ಬಂದರೆ ಎಂಟು ಮೀಟರಿನ ಸಣ್ಣ ಇಳಿತ, ಅದರ ತಲೆಯ ಮೇಲೆ ತೊಡೆಗಾತ್ರದ ಬಸರಿ ಮರ. ಮರದಾಚೆ ಕೊಳ್ಳ ಅಗಲವಾಗಿ, ಬಿಸಿಲು ಬಿದ್ದು, ದೂರದಲ್ಲಿ ಕುರಿಗಳ ಗಂಟೆ ಕೇಳಿಸುತ್ತಿತ್ತು. ಮರವನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದೆ. ಇದು ನಿಜವಾದ ಮರ.

ಹಿಂದೆ ಬಂದು ಸೀಟಿ ಊದಿದೆ. ಡಾಕ್ಟರಮ್ಮ ಇಳಿದರು, ಆಮೇಲೆ ಸಾವಕಾರ್ರು, ಕಣ್ಣು ಮುಚ್ಚಿಕೊಂಡೇ. ಮೂರನೆಯ ಬಂಡೆಯ ಹತ್ತಿರ ನಿಂತು ನಾನು ಒಬ್ಬೊಬ್ಬರನ್ನೂ ಎಳೆದುಕೊಂಡೆ. ಮಾಸ್ತರು ನಾಲ್ಕನೆಯವರಾಗಿ ಬಂದರು. ನೀರಿಗಿಳಿದವರ ಕೈ ಹಿಡಿದು ಆ ಬಂಡೆಗಳ ಮೇಲೆ ಇಟ್ಟೆ. ಅವರು ಸವರಿ ನೋಡಿದರು. ತಲೆ ಮೇಲೆತ್ತಿ ಹಗ್ಗದ ಕಡೆ ನೋಡಿದರು.  

ಕೊನೆಗೆ ಭಾಯಿ ಬಂದ. ಇಬ್ಬರೂ ಸಣ್ಣ ಹಗ್ಗ ಹಿಡಿದು ಎಳೆದೆವು. ಮೊದಲು ಕದಲಲಿಲ್ಲ. ಗೋಡೆಯಿಂದ ದೂರ ಸರಿದು ಎಳೆದಾಗ ಮೇಲೆ ಗಂಟು ತಿರುಗಿ ಸಡಿಲವಾಯಿತು, ಹಗ್ಗ ಹರಿದು ಬಂದು ನೀರಿಗೆ ಬಿತ್ತು. ಅದೇ ಸದ್ದು. ಈ ಸಲ ಯಾರಿಗೂ ಏನೂ ಆಗಲಿಲ್ಲ.

ಬಸರಿ ಮರಕ್ಕೆ ಹಗ್ಗ ಹಾಕಿ ಕೊನೆಯದನ್ನೂ ಇಳಿದು ಐದೂವರೆಗೆ ಬಯಲಿಗೆ ಬಂದೆವು. ಕುರಿ ಕಾಯುವ ಒಬ್ಬ ಅಜ್ಜ ತನ್ನ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟ. ಬಿಸಿಲಿಗೆ ಮೈ ಒಡ್ಡಿ ಕುಳಿತ ಸಾವಕಾರ್ರಿಗೆ ಜೀವ ಬಂದಂತಾಗಿ, ಎದ್ದುಹೋಗಿ ಮಾಸ್ತರನ್ನು ತಬ್ಬಿಕೊಂಡರು.

"ಸರ್, ಏನ್ ಅನುಭವ್ರಿ! ಜನ್ಮದಾಗ ಮರಿಯಂಗಿಲ್ಲ. ನಮ್ಮ ಮಂದೀನೆಲ್ಲ ಕಳಸ್ತೀನಿ ನಿಮ್ಮ ಹಂತ್ಯಾಕ."

ಮಾಸ್ತರು ಏನಾದರೂ ಹೇಳುತ್ತಾರೆ ಅಂತ ಕಾದೆ. ಒಂದೇ ಒಂದು ವಾಕ್ಯ ಸಾಕಿತ್ತು. ಅವರು, "ಬರ್ಲಿ, ಬರ್ಲಿ," ಅಂದರು.

ನಾನು ರೊಟ್ಟಿ ಕೆಳಗಿಟ್ಟು ಎದ್ದು ಹೋದೆ. ಡಾಕ್ಟರಮ್ಮ ಹಿಂದೆಯೇ ಬಂದರು.

"ನೀನು ಅಳತೀ ಬರದಿಟ್ಟೀಯಲ್ಲ?"

"ಮನಸ್ಸಿನಾಗ ಐತಿ."

"ಮನಸ್ಸಿನಾಗ ಇಟಗೋಬ್ಯಾಡ. ಎಲ್ಲರಿಗೂ ಕಾಣೂವಂಗ ಬರಿ."

ಮೂರು ವಾರ ಬಿಟ್ಟು ಮಾಸ್ತರು ಫೋನು ಮಾಡಿದರು. ಆ ದಿನದ ಮಾತು ಎತ್ತಲಿಲ್ಲ. "ಮುಂದಿನ ತಿಂಗಳು ಎಂಟು ಮಂದಿ ಆಗ್ಯಾರ. ಅಳತೀ ಪಟ್ಟಿ ಇದ್ದರ ಕಳಸವ್ವ," ಅಂದರು.

ಆ ಫೋನು ಇಟ್ಟಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ಕೊಡದಿದ್ದರೆ ಅವರು ಇಲ್ಲದ ಅಳತೆಯ ಮೇಲೆಯೇ ಎಂಟು ಜನರನ್ನು ಒಳಗೆ ಇಳಿಸುತ್ತಾರೆ. ಕೊಟ್ಟರೆ ಅವರ ಕಥೆಗೆ ನಾನೇ ಬೋಲ್ಟು ಹಾಕಿಕೊಟ್ಟಂತೆ. ಭಾಯಿಯನ್ನು ಕೇಳಿದೆ. ಅವನು ಒಂದು ಗಾಳಿಯಂತ್ರದ ಬುಡದಲ್ಲಿ ಚಹಾ ಕುಡಿಯುತ್ತಿದ್ದ. "ಪಟ್ಟಿ ಕೊಡು. ಆದರೆ ಪೂರ್ತಿ ಕೊಡು," ಅಂದ.

ಪೂರ್ತಿ ಬರೆದೆ. ನಾಲ್ಕು ಇಳಿತ, ಒಂದೊಂದರ ಆಳ, ಹಗ್ಗ ಎಲ್ಲಿ ಕಟ್ಟಬೇಕು, ಎಷ್ಟು ಹಗ್ಗ ಬೇಕು, ಮೂರನೆಯದರ ಕೆಳಗಿನ ಬಂಡೆಗಳ ಚಿತ್ರ, ಹಾಳಾದ ಬೋಲ್ಟಿನ ಗುರುತು. ಎರಡು ಹಗ್ಗ ಇಲ್ಲದೆ ಯಾರೂ ಇಳಿಯಬಾರದು ಅಂತ ದಪ್ಪ ಅಕ್ಷರದಲ್ಲಿ. ಮೊದಲ ಸಾಲಿನಲ್ಲಿ ಹೀಗೆ ಬರೆದೆ: ನಮಗೆ ಗೊತ್ತಿರುವಂತೆ ಈ ಕೊಳ್ಳವನ್ನು ಪೂರ್ತಿ ಇಳಿದದ್ದು ಈ ವರ್ಷ, ಐದು ಜನ, ಮೂರನೇ ಇಳಿತ ಇಳಿದ ಕ್ರಮದಲ್ಲಿ ಹೆಸರುಗಳು ಇವು. ಮಾಸ್ತರ ಹೆಸರು ನಾಲ್ಕನೆಯದು. ಅದನ್ನು ಅವರಿಗೊಬ್ಬರಿಗೇ ಕಳಿಸಿ ಬಿಡಲಿಲ್ಲ. ಪರವಾನಗಿ ಕೊಟ್ಟ ಕಚೇರಿಗೆ, ಕೊಳ್ಳ ಇಳಿದ ಉಳಿದವರಿಗೆ, ಮತ್ತೆ ಅವರ ಶಿಬಿರಗಳಲ್ಲಿ ನನ್ನ ಜೊತೆ ಕುಳಿತು ಆ ಕಥೆ ಕೇಳಿದ್ದ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಕಳಿಸಿದೆ.

ಗುಂಪಿನಲ್ಲಿ ಎಲ್ಲರೂ ನೋಡಿದ್ದರ ಗುರುತು ಮಾತ್ರ ಬಂತು. ಕೆಲವರು ನನಗೆ ಬೇರೆಯಾಗಿ ಫೋನು ಮಾಡಿ, ವಯಸ್ಸಾದ ಮನುಷ್ಯನಿಗೆ ಹೀಗೆ ಮಾಡಬಾರದಿತ್ತು ಅಂದರು. ಬಂಡೆಗಳ ಮಾತು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ನಾಲ್ಕನೇ ದಿನ ಮಾಸ್ತರು ಗುಂಪಿನಲ್ಲೇ, ಎಲ್ಲರಿಗೂ ಕಾಣುವಂತೆ ಉತ್ತರ ಬರೆದರು. ಕ್ಷಮೆ ಇರಲಿಲ್ಲ, ಬೈಗುಳವೂ ಇರಲಿಲ್ಲ. ಎರಡೇ ಸಾಲು.

"ಮೂರನೇ ಇಳಿತಕ್ಕೆ ಹಗ್ಗ ಮೂವತ್ತಾರು ಬೇಕು ಅಂತ ಬರದೀ. ಅದು ಅಂಚಿನಿಂದ ನೀರಿಗೆ. ಬೋಲ್ಟು ಅಂಚಿಗಿಂತ ಎರಡು ಮೀಟರು ಹಿಂದ ಅದಾವ."

ಕೂತು ಲೆಕ್ಕ ಹಾಕಿದೆ. ಅವರು ಹೇಳಿದ್ದು ಸರಿ. ಅಲ್ಲಿ, ಅಂಚಿನ ಮೇಲೆ, ಗಂಟು ಗಂಟಿನ ಲೆಕ್ಕವನ್ನೂ ತಪ್ಪದೆ ಹಾಕಿದ್ದ ನಾನು ಮನೆಯಲ್ಲಿ ಸಿಟ್ಟಿನಿಂದ ಬರೆಯುವಾಗ ಆ ಎರಡು ಮೀಟರನ್ನು ಬಿಟ್ಟುಬಿಟ್ಟಿದ್ದೆ. ನನ್ನ ಪಟ್ಟಿಯನ್ನು ನಂಬಿ ಅಳೆದು ತಂದ ಹಗ್ಗದಲ್ಲಿ ಯಾರಾದರೂ ಇಳಿದಿದ್ದರೆ, ನೀರಿನ ಮೇಲೆ ಎರಡು ಮೀಟರು ಎತ್ತರದಲ್ಲಿ, ಆ ಬಂಡೆಗಳ ನೆತ್ತಿಯ ಮೇಲೆ ನೇತಾಡುತ್ತಿದ್ದರು.

ಮಾಸ್ತರ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಇಳಿಯುತ್ತದೆ ಅಂತಲೂ ಅನಿಸುವುದಿಲ್ಲ. ಪಟ್ಟಿ ತೆರೆದು ಮೂವತ್ತಾರನ್ನು ಹೊಡೆದುಹಾಕಿ ಮೂವತ್ತೆಂಟು ಅಂತ ಬರೆದೆ. ಪಕ್ಕದಲ್ಲಿ, ತಿದ್ದಿದವರು ಅನ್ನುವ ಕಡೆ, ಅವರ ಹೆಸರು ಹಾಕಿ ಎಲ್ಲರಿಗೂ ಮತ್ತೊಮ್ಮೆ ಕಳಿಸಿದೆ.